ಮಳೆಯ ನಾಯಕ ಫ್ರಿಟ್ಜ್ ವಾಲ್ಟರ್

ನಮ್ಮ ಕಡೆ ಶಾಲೆಯ ಬಾಗಿಲು ತೆರೆಯುವುದೂ ಮಳೆಗಾಲ ಹಿಡಿಯುವುದೂ ಜೂನ್ ತಿಂಗಳಲ್ಲಿ ಒಟ್ಟೊಟ್ಟಿಗೆ. ಸಂಜೆಯ ಗಂಟೆ ಹೊಡೆದದ್ದೇ ತಡ, ಮಕ್ಕಳು ಪುಸ್ತಕದ ಚೀಲಗಳನ್ನು ಜಗಲಿಯ ಮೂಲೆಗೆ ಎಸೆದು ನೀರು ನಿಂತ ಮೈದಾನಕ್ಕೆ ಇಳಿದುಬಿಡುತ್ತಾರೆ. ಜಡಿಮಳೆಯಲ್ಲಿ ಕೆಸರು ಹಾರಿಸುತ್ತ ಚೆಂಡಿನ ಹಿಂದೆ ಓಡುವ ಅವರನ್ನು ಒಳಗೆ ಕರೆಯಲು ಅಧ್ಯಾಪಕರಾದ ನಾವು ಎಷ್ಟು ಕೂಗಿದರೂ ಕೇಳುವವರಿಲ್ಲ. ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಪಂದ್ಯಾಟ ಬಂದಾಗಲಂತೂ ಪೇಟೆಯ ಕೂಡುರಸ್ತೆಗಳಲ್ಲಿ ಬ್ರೆಜಿಲ್, ಅರ್ಜೆಂಟೀನಾ, ಜರ್ಮನಿ ದೇಶಗಳ ಧ್ವಜಗಳು ಹಾರಾಡುತ್ತವೆ. ಧ್ವಜ ಕಟ್ಟುವ ಹುಡುಗರಿಗೆ ಈಗಿನ ಆಟಗಾರರ ಹೆಸರೆಲ್ಲ ಬಾಯಿಪಾಠ. ಆದರೆ ಜರ್ಮನಿಗೆ ಮೊತ್ತಮೊದಲ ವಿಶ್ವಕಪ್ಪನ್ನು ತಂದುಕೊಟ್ಟ ನಾಯಕ ಯಾರೆಂದು ಕೇಳಿದರೆ ಉತ್ತರ ಹೇಳುವವರು ವಿರಳ.

ಆ ನಾಯಕನ ಹೆಸರು ಫ್ರಿಟ್ಜ್ ವಾಲ್ಟರ್. ಮಳೆ ಸುರಿಯುವಾಗಲೇ ಅತ್ಯುತ್ತಮವಾಗಿ ಆಡುತ್ತಿದ್ದ ಆಟಗಾರ. ಇಂದಿಗೂ ಪಂದ್ಯದ ಹೊತ್ತಿಗೆ ಮಳೆ ಹನಿದರೆ ಜರ್ಮನರು ಅದನ್ನು ಫ್ರಿಟ್ಜ್ ವಾಲ್ಟರ್ ಹವೆ ಎಂದು ಕರೆಯುವುದುಂಟು. ಸೋಲನ್ನೇ ಕಾಣದ ವೀರನ ಕಥೆ ಇದೆಂದು ಓದುಗರು ಭಾವಿಸಬಾರದು. ಹಲವು ಸಲ ಬಿದ್ದು, ಇನ್ನು ನನ್ನಿಂದಾಗದು ಎಂದು ಕೈಚೆಲ್ಲಿ ಕುಳಿತು, ಮತ್ತೆ ಎದ್ದು ಬಂದವನ ಕಥೆ ಇದು. ಹಾಗೆ ಎದ್ದು ಬಂದದ್ದು ಹೇಗೆ ಎಂಬುದನ್ನೇ ನಾವು ಇಲ್ಲಿ ಹೇಳಹೊರಟಿದ್ದೇವೆ.

ಕ್ಲಬ್ಬಿನ ಹೋಟೆಲಿನ ಹುಡುಗ

ಜರ್ಮನಿಯ ನೈಋತ್ಯ ಭಾಗದಲ್ಲಿ, ಕಾಡುಗುಡ್ಡಗಳ ನಡುವೆ ಕೈಸರ್ಸ್‌ಲೌಟರ್ನ್ ಎಂಬ ಊರಿದೆ. ಬರ್ಲಿನ್, ಹ್ಯಾಂಬರ್ಗ್‌ಗಳಂತೆ ದೊಡ್ಡ ನಗರವೇನಲ್ಲ. 1920ರ ಅಕ್ಟೋಬರ್ 31ರಂದು ಫ್ರಿಟ್ಜ್ ಹುಟ್ಟಿದ್ದು ಆ ಊರಿನಲ್ಲಿ. ಐವರು ಮಕ್ಕಳಲ್ಲಿ ಈತನೇ ಹಿರಿಯ. ತಂದೆತಾಯಿ ಊರಿನ ಫುಟ್‌ಬಾಲ್ ಕ್ಲಬ್ಬಿನ ಹೋಟೆಲನ್ನು ನಡೆಸುತ್ತಿದ್ದರು. ಆಟಗಾರರು ಊಟಕ್ಕೆ ಬರುವ ಮನೆಯಲ್ಲಿ ಹುಟ್ಟಿದ ಮಗುವಿಗೆ ಚೆಂಡಿನ ಹುಚ್ಚು ಹಿಡಿಯದಿದ್ದರೆ ಅದೇ ಆಶ್ಚರ್ಯ. 1928ರಲ್ಲಿ ಕ್ಲಬ್ಬಿನ ಬಾಲಕರ ತಂಡಕ್ಕೆ ಸೇರಿದ ಫ್ರಿಟ್ಜ್ ಹದಿನೇಳನೆಯ ವಯಸ್ಸಿಗೆ ಹಿರಿಯರ ತಂಡದಲ್ಲಿ ಆಡತೊಡಗಿದ. ತಮ್ಮಂದಿರಾದ ಲುಡ್ವಿಗ್ ಮತ್ತು ಓಟ್ಮರ್ ಸಹ ಅದೇ ಹಾದಿ ಹಿಡಿದರು. ಹೊಟ್ಟೆಪಾಡಿಗಾಗಿ ಫ್ರಿಟ್ಜ್ ಬ್ಯಾಂಕಿನ ಗುಮಾಸ್ತಿಕೆಯನ್ನು ಕಲಿತಿದ್ದ.

ಆಗ ಜರ್ಮನಿಯ ರಾಷ್ಟ್ರೀಯ ತಂಡದ ತರಬೇತುದಾರರಾಗಿದ್ದವರು ಸೆಪ್ ಹೆರ್ಬರ್ಗರ್. ಸಣ್ಣ ಆಳು, ತೀಕ್ಷ್ಣ ಕಣ್ಣು. ಈ ಹುಡುಗನಲ್ಲಿ ಅಸಾಮಾನ್ಯವಾದ ಏನೋ ಒಂದು ಇದೆಯೆಂದು ಅವರು ಗುರುತಿಸಿದರು. 1940ರ ಜುಲೈ 14ರಂದು ಫ್ರಾಂಕ್‌ಫರ್ಟ್‌ನಲ್ಲಿ ರುಮೇನಿಯಾದ ವಿರುದ್ಧ ನಡೆದ ಪಂದ್ಯದಲ್ಲಿ ಹತ್ತೊಂಬತ್ತರ ಹರೆಯದ ವಾಲ್ಟರ್ ಅವರನ್ನು ಕಣಕ್ಕಿಳಿಸಿದರು. ಜರ್ಮನಿ 9-3ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲುಗಳು ಹೊಸ ಹುಡುಗನವು. ಇದಕ್ಕಿಂತ ಒಳ್ಳೆಯ ಆರಂಭ ಯಾರಿಗೆ ತಾನೇ ಸಿಕ್ಕೀತು?

ಆದರೆ ಕಾಲ ಒಳ್ಳೆಯದಿರಲಿಲ್ಲ. ಹಿಟ್ಲರನ ಸೇನೆ ನೆರೆಹೊರೆಯ ದೇಶಗಳನ್ನು ತುಳಿಯುತ್ತಿದ್ದ ದಿನಗಳವು. 1942ರ ನವೆಂಬರದ ವರೆಗೆ 24 ಅಂತರರಾಷ್ಟ್ರೀಯ ಪಂದ್ಯಗಳನ್ನು ವಾಲ್ಟರ್ ಆಡಿದರು. ಆ ಮೇಲೆ ಯುದ್ಧದ ಒತ್ತಡದಲ್ಲಿ ರಾಷ್ಟ್ರೀಯ ತಂಡವೇ ನಿಂತುಹೋಯಿತು. ಸೈನಿಕನ ಸಮವಸ್ತ್ರ ತೊಟ್ಟಿದ್ದ ವಾಲ್ಟರ್ ಅವರನ್ನು ರಣರಂಗದ ಮುಂಚೂಣಿಯಿಂದ ದೂರವಿಡಲು ಹೆರ್ಬರ್ಗರ್ ತಮ್ಮಿಂದಾದಷ್ಟು ಪ್ರಯತ್ನ ಮಾಡಿದರು. ವಾಯುಪಡೆಯ ತಂಡವೊಂದರಲ್ಲಿ ಆಡುವ ಅವಕಾಶವೂ ಕೆಲ ಕಾಲ ದೊರೆಯಿತು. ಈ ನಡುವೆ ಮಲೇರಿಯಾ ಜ್ವರ ಅವರನ್ನು ಹಿಡಿಯಿತು. ಚಳಿಜ್ವರದ ಪೆಟ್ಟು ಎಂಥದೆಂದು ಘಟ್ಟದ ಬುಡದಲ್ಲಿ ಬಾಳಿದ ನಮ್ಮ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಜ್ವರ ಇಳಿದರೂ ಅದರ ಗುರುತು ದೇಹದಲ್ಲಿ ಉಳಿದುಬಿಟ್ಟಿತು. ಅಲ್ಲಿಂದ ಮುಂದೆ ಬಿಸಿಲಿನಲ್ಲಿ ಆಡುವುದೆಂದರೆ ವಾಲ್ಟರ್ ಅವರಿಗೆ ಹಿಂಸೆಯಾಯಿತು. ತಂಪು ಹವೆ, ಸುರಿಯುವ ಮಳೆ, ಒದ್ದೆ ಹುಲ್ಲು ಇವೇ ಅವರ ಮಿತ್ರರಾದವು.

ಪಟ್ಟಿಯಿಂದ ತೆಗೆದ ಹೆಸರು

1945ರಲ್ಲಿ ಜರ್ಮನಿ ಸೋತು ಶರಣಾಯಿತು. ವಾಲ್ಟರ್ ಮೊದಲು ಅಮೆರಿಕನ್ನರ ಕೈಸೆರೆಯಾಗಿ, ಬಳಿಕ ಸೋವಿಯತ್ ಸೇನೆಯ ವಶಕ್ಕೆ ಬಂದರು. ಇಂದಿನ ರುಮೇನಿಯಾದ ಉತ್ತರದ ಗಡಿಯಲ್ಲಿರುವ ಸಿಗೆಟ್ ಎಂಬ ಊರಿನ ಶಿಬಿರಕ್ಕೆ ಅವರನ್ನು ಕೊಂಡೊಯ್ಯಲಾಯಿತು. ಅಲ್ಲಿಂದ ಮುಂದಿನ ಪ್ರಯಾಣ ರೈಲಿನಲ್ಲಿ, ಪೂರ್ವಕ್ಕೆ, ಸೋವಿಯತ್ ದೇಶದ ದುಡಿಮೆಯ ಶಿಬಿರಗಳಿಗೆ. ಹಾಗೆ ಹೋದ ಯುದ್ಧ ಕೈದಿಗಳಲ್ಲಿ ಅನೇಕರು ಮರಳಲಿಲ್ಲ. ಮರಳಿದವರಲ್ಲಿ ಹಲವರಿಗೆ ಅದಕ್ಕೆ ವರ್ಷಗಟ್ಟಲೆ ಕಾಯಬೇಕಾಯಿತು.

ಸಿಗೆಟ್‌ನಲ್ಲಿ ಕಾವಲಿಗಿದ್ದ ಹಂಗೇರಿ ಹಾಗೂ ಸ್ಲೊವಾಕಿಯಾದ ಸಿಪಾಯಿಗಳು ಬಿಡುವಿನಲ್ಲಿ ಚೆಂಡಾಡುತ್ತಿದ್ದರು. ನೋಡುತ್ತ ನಿಂತ ಬಡಕಲು ಕೈದಿಯೂ ಅವರೊಂದಿಗೆ ಸೇರಿಕೊಂಡ. ಚೆಂಡು ಕಾಲಿಗೆ ತಾಗಿದೊಡನೆ ಆತ ಯಾರೆಂಬುದು ಹಂಗೇರಿಯ ಒಬ್ಬ ಕಾವಲುಗಾರನಿಗೆ ಹೊಳೆಯಿತು. 1942ರ ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಲ್ಲಿ ಜರ್ಮನಿ ಮತ್ತು ಹಂಗೇರಿಗಳ ನಡುವೆ ಪಂದ್ಯ ನಡೆದಿತ್ತು. 1-3ರಿಂದ ಹಿಂದಿದ್ದ ಜರ್ಮನಿ ಕೊನೆಗೆ 5-3ರಿಂದ ಗೆದ್ದಿತ್ತು. ಆ ದಿನ ಈ ಆಟಗಾರನನ್ನು ಕಣ್ಣಾರೆ ಕಂಡಿದ್ದ ಕಾವಲುಗಾರ ಅದನ್ನು ಮರೆತಿರಲಿಲ್ಲ. ತನ್ನ ದೇಶವನ್ನು ಸೋಲಿಸಿದವನೆಂಬ ಸಿಟ್ಟನ್ನು ಅವನು ತೋರಿಸಲಿಲ್ಲ. ಬದಲಾಗಿ ಸೋವಿಯತ್ ಅಧಿಕಾರಿಯ ಬಳಿಗೆ ಹೋಗಿ ಈತನ ಪರವಾಗಿ ಮಾತಾಡಿದ. ಈತ ಜರ್ಮನ್ ಅಲ್ಲ, ಫ್ರಾನ್ಸಿನ ಅಧೀನದಲ್ಲಿದ್ದ ಸಾರ್ ಪ್ರಾಂತದವನೆಂದು ಹೇಳಿದ. ಅದು ಸುಳ್ಳೇ ಸರಿ. ಆದರೆ ಆ ಸುಳ್ಳಿನಿಂದ ವಾಲ್ಟರ್ ಅವರ ಹೆಸರು ಪೂರ್ವಕ್ಕೆ ಹೋಗುವವರ ಪಟ್ಟಿಯಿಂದ ಹೊರಬಿತ್ತು. ಸಂಗಡವಿದ್ದ ತಮ್ಮ ಲುಡ್ವಿಗ್ ಸಹ ಪಾರಾದ. 1945ರ ಅಕ್ಟೋಬರ್ 28ರಂದು ಅಣ್ಣತಮ್ಮಂದಿರು ಕೈಸರ್ಸ್‌ಲೌಟರ್ನ್ ಸೇರಿದರು. ಮೂರು ದಿನ ಕಳೆದರೆ ಫ್ರಿಟ್ಜ್‌ಗೆ ಇಪ್ಪತ್ತೈದು ತುಂಬುವುದಿತ್ತು.

ಸಣ್ಣ ಊರು, ದೊಡ್ಡ ತಂಡ

ಊರು ಬಾಂಬಿನ ದಾಳಿಯಿಂದ ಜರ್ಝರಿತವಾಗಿತ್ತು. ಆಡಳಿತ ಫ್ರೆಂಚ್ ಸೇನೆಯ ಕೈಯಲ್ಲಿತ್ತು. ತಿನ್ನಲು ಅನ್ನವಿಲ್ಲದ ಆ ದಿನಗಳಲ್ಲಿ ಜರ್ಮನಿಯ ತಂಡಗಳು ಹಣಕ್ಕಲ್ಲ, ಬಟಾಟೆ, ಹಿಟ್ಟುಗಳಿಗಾಗಿ ಹಳ್ಳಿಗಳಿಗೆ ಹೋಗಿ ಪಂದ್ಯ ಆಡುತ್ತಿದ್ದವು. ವಾಲ್ಟರ್ ಹಳೆಯ ಕ್ಲಬ್ಬಿಗೆ ಮರಳಿ, ತಾವೇ ಆಟಗಾರ, ತಾವೇ ತರಬೇತುದಾರ ಎಂಬಂತೆ ಕೆಲಸಕ್ಕೆ ನಿಂತರು. ಎಲ್ಲಿಂದಲೋ ಹೆಸರಾಂತವರನ್ನು ತರಿಸಲು ಕ್ಲಬ್ಬಿಗೆ ಶಕ್ತಿಯಿರಲಿಲ್ಲ. ಊರ ಸುತ್ತಣ ಹುಡುಗರನ್ನೇ ತಿದ್ದಿ ತೀಡಿ ತಂಡ ಕಟ್ಟಿದರು. ನೌಕಾಪಡೆಯಲ್ಲಿದ್ದು ಮಂಡಿಗೆ ತೀವ್ರ ಗಾಯ ಮಾಡಿಕೊಂಡಿದ್ದ ತಮ್ಮ ಓಟ್ಮರ್ ಸಹ ಬಂದು ಸೇರಿದರು. 1948ರಲ್ಲಿ ವಾಲ್ಟರ್ ಅವರು ಇಟಾಲಿಯಾ ಬೊರ್ಟೊಲುಝಿ ಎಂಬ ಇಟಲಿಯ ಹೆಣ್ಣುಮಗಳನ್ನು ಮದುವೆಯಾದರು. ಬಾಳಿನ ಕೊನೆಯ ತನಕ ಈಕೆಯೇ ಅವರಿಗೆ ಆಸರೆ.

ಅದೇ ವರ್ಷ ತಂಡ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಅಂತಿಮ ಪಂದ್ಯವನ್ನು ತಲುಪಿ ನ್ಯೂರೆಂಬರ್ಗ್‌ಗೆ 1-2ರಿಂದ ಸೋತಿತು. 1951ರಲ್ಲಿ ಪ್ರಶಸ್ತಿ ಕೈಗೆ ಬಂತು. ಅಂತಿಮ ಪಂದ್ಯದ ಎರಡು ಗೋಲುಗಳೂ ಓಟ್ಮರ್ ಅವರವು. 1953ರಲ್ಲಿ ಮತ್ತೊಮ್ಮೆ ಚಾಂಪಿಯನ್ ಆದರು. ಆಗಿನ ಜರ್ಮನಿಯಲ್ಲಿ ಕರಾರಿನ ಮೇಲೆ ಆಡುವ ಆಟಗಾರನಿಗೆ ತಿಂಗಳಿಗೆ 320 ಮಾರ್ಕಿನಷ್ಟೇ ಸಂಬಳದ ಮಿತಿ. ಇನ್ನೊಂದು ಉದ್ಯೋಗವಿಲ್ಲದೆ ಸಂಸಾರ ಸಾಗುವಂತಿರಲಿಲ್ಲ. ಅಂಥ ಸಮಯದಲ್ಲಿ ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್ ಕ್ಲಬ್ಬು ಭಾರಿ ಮೊತ್ತ ಮುಂದಿಟ್ಟು ಕರೆಯಿತು. ವಾಲ್ಟರ್ ಹೋಗಲಿಲ್ಲ. ತನ್ನ ಊರು, ತನ್ನ ತಂಡ, ತನ್ನ ಗುರು ಹೆರ್ಬರ್ಗರ್ ಇವನ್ನು ಬಿಟ್ಟುಹೋಗಲು ಅವರಿಗೆ ಮನಸ್ಸಾಗಲಿಲ್ಲ. ಹುಟ್ಟಿದ ಕ್ಲಬ್ಬಿನಲ್ಲೇ ಕೊನೆಯ ತನಕ ಆಡಿದರು.

ಕೈಚೆಲ್ಲಿದ ದಿನಗಳು

ಯುದ್ಧಾಪರಾಧಗಳಿಗಾಗಿ ಜಗತ್ತು ಜರ್ಮನಿಯನ್ನು ದೂರವಿಟ್ಟಿದ್ದ ಕಾಲವದು. 1950ರ ವಿಶ್ವಕಪ್ಪಿಗೆ ಆ ದೇಶಕ್ಕೆ ಪ್ರವೇಶವಿರಲಿಲ್ಲ. ವಾಲ್ಟರ್ ತಮ್ಮ ಇಪ್ಪತ್ತೈದನೆಯ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದ್ದು 1951ರಲ್ಲಿ, ಎಂಟು ವರ್ಷ ಮಿಕ್ಕಿದ ಬಳಿಕ. ಆಟಗಾರನೊಬ್ಬನ ಬಾಳಿನಲ್ಲಿ ಇಪ್ಪತ್ತೆರಡರಿಂದ ಮೂವತ್ತರ ತನಕದ ವಯಸ್ಸೆಂದರೆ ಬೆಳೆಯ ಪೂರ್ತಿ ಫಸಲು. ಅದೆಲ್ಲ ಯುದ್ಧದ ಪಾಲಾಗಿತ್ತು. ಆದರೂ ಹೆರ್ಬರ್ಗರ್ ಈ ಹಳೆಯ ಆಟಗಾರನ ಕೈಗೇ ನಾಯಕತ್ವವನ್ನು ಕೊಟ್ಟರು.

ವಾಲ್ಟರ್ ಅವರ ಸ್ವಭಾವದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಮೈದಾನದಲ್ಲಿ ಇಡೀ ತಂಡವನ್ನು ಬೆರಳ ತುದಿಯಲ್ಲಿ ಆಡಿಸುತ್ತಿದ್ದ ಈ ಮನುಷ್ಯ ಒಳಗೆ ತೀರ ಮೆತ್ತಗೆ. ಪಂದ್ಯದ ಮುನ್ನಾದಿನ ತಳಮಳ. ಒಂದು ಚೆಂಡು ತಪ್ಪಿದರೆ ದಿನಗಟ್ಟಲೆ ಕೊರಗು. ಒಂದು ಕಟುವಾದ ಟೀಕೆ ಓದಿದರೆ ಎಲ್ಲವನ್ನೂ ಬಿಟ್ಟುಬಿಡುವ ಯೋಚನೆ. ನಮ್ಮ ತರಗತಿಗಳಲ್ಲಿಯೂ ಇಂಥ ಮಕ್ಕಳಿದ್ದಾರೆ. ಎಲ್ಲ ಬಲ್ಲವರು, ಆದರೆ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಕಾಲು ನಡುಗುವವರು.

1952ರ ಅಕ್ಟೋಬರದಲ್ಲಿ ಪ್ಯಾರಿಸ್‌ನಲ್ಲಿ ಜರ್ಮನಿ ಫ್ರಾನ್ಸಿಗೆ 1-3ರಿಂದ ಸೋತಿತು. ನಾಯಕನ ಆಟ ಸಪ್ಪೆಯಾಗಿತ್ತು. ಪತ್ರಿಕೆಗಳು ಅವರನ್ನೇ ಹಿಡಿದು ಝಾಡಿಸಿದವು. ಮೂವತ್ತೆರಡರ ಹೊಸ್ತಿಲಲ್ಲಿದ್ದ ಮುದುಕನನ್ನು ಇನ್ನೂ ಏಕೆ ಹೊತ್ತು ತಿರುಗಬೇಕು ಎಂಬ ಧಾಟಿಯ ಮಾತುಗಳು ಕೇಳಿಬಂದವು. ರಾಷ್ಟ್ರೀಯ ತಂಡಕ್ಕೆ ಇನ್ನು ಬರುವುದಿಲ್ಲವೆಂದು ವಾಲ್ಟರ್ ಮನಸ್ಸು ಮಾಡಿದರು. ಹೆರ್ಬರ್ಗರ್ ಬಿಡಲಿಲ್ಲ. ಕಾಗದ ಬರೆದು, ಮಾತಾಡಿಸಿ, ಕಾದು, ಮತ್ತೆ ಕರೆತಂದರು.

1954ರ ಮೇ 23ರಂದು, ವಿಶ್ವಕಪ್ಪಿಗೆ ಇನ್ನೇನು ನಾಲ್ಕು ವಾರವೂ ಇಲ್ಲವೆನ್ನುವಾಗ, ಇನ್ನೊಂದು ಹೊಡೆತ ಬಿತ್ತು. ಹ್ಯಾಂಬರ್ಗ್‌ನಲ್ಲಿ ನಡೆದ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಕೈಸರ್ಸ್‌ಲೌಟರ್ನ್ ತಂಡವನ್ನು ಹ್ಯಾನೋವರ್ ತಂಡ 5-1ರಿಂದ ಬಗ್ಗುಬಡಿಯಿತು. ಹೀಗಿದ್ದೂ ಹೆರ್ಬರ್ಗರ್ ವಿಶ್ವಕಪ್ಪಿಗೆ ಆರಿಸಿದ 22 ಮಂದಿಯಲ್ಲಿ ಸೋತ ಕೈಸರ್ಸ್‌ಲೌಟರ್ನ್‌ನ ಐವರಿದ್ದರು: ಫ್ರಿಟ್ಜ್, ಓಟ್ಮರ್, ಎಕೆಲ್, ಲೀಬ್ರಿಖ್, ಕೋಲ್ಮೆಯರ್. ಗೆದ್ದ ಹ್ಯಾನೋವರ್‌ನಿಂದ ಒಬ್ಬನೂ ಇರಲಿಲ್ಲ. ದೇಶವೇ ಕೆರಳಿತು. ಹೆರ್ಬರ್ಗರ್ ತಮ್ಮ ಪಟ್ಟಿಯಲ್ಲಿ ಒಂದು ಅಕ್ಷರವನ್ನೂ ಬದಲಿಸಲಿಲ್ಲ.

ಮಳೆ ಬಂತು

ಸ್ವಿಟ್ಜರ್‌ಲೆಂಡಿನ ಸ್ಪೀಟ್ಸ್ ಎಂಬ ಊರಿನ ಸರೋವರದ ದಂಡೆಯಲ್ಲಿ ಜರ್ಮನ್ ತಂಡ ಬೀಡುಬಿಟ್ಟಿತು. ಹೆರ್ಬರ್ಗರ್ ಇಲ್ಲೊಂದು ಉಪಾಯ ಮಾಡಿದರು. ಸದಾ ಚಿಂತೆಯ ವಾಲ್ಟರ್ ಅವರನ್ನೂ ಎಸ್ಸೆನ್ ನಗರದ ಹೆಲ್ಮುಟ್ ರಾನ್ ಎಂಬ ನಗೆಚಾಟಿಕೆಯ ಹುಡುಗನನ್ನೂ ಒಂದೇ ಕೋಣೆಯಲ್ಲಿ ಇಟ್ಟರು. ಯಾವುದಕ್ಕೂ ಅಂಜದ ರಾನ್ ರಾತ್ರಿಯಿಡೀ ತಮಾಷೆ ಮಾಡಿ ನಾಯಕನನ್ನು ನಗಿಸುತ್ತಿದ್ದ. ಔಷಧಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು.

ಜೂನ್ 17ರಂದು ತುರ್ಕಿಯ ಎದುರು 4-1ರ ಗೆಲುವು. 20ರಂದು ಬಾಸೆಲ್‌ನಲ್ಲಿ ಹಂಗೇರಿಯ ಎದುರು 3-8ರ ಸೋಲು. ಹಂಗೇರಿ ಆಗ ಜಗತ್ತಿನಲ್ಲಿ ಎಣೆಯಿಲ್ಲದ ತಂಡ. 1950ರ ಮೇ ತಿಂಗಳ ಅನಂತರ ಅವರು ಯಾರಿಗೂ ಸೋತಿರಲಿಲ್ಲ. 1953ರಲ್ಲಿ ಲಂಡನ್ನಿಗೆ ಹೋಗಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿ ಬಂದವರು. ತುರ್ಕಿಯೊಡನೆ ಇನ್ನೊಂದು ಪಂದ್ಯ ಆಡಲೇಬೇಕಾದೀತೆಂದು ಲೆಕ್ಕ ಹಾಕಿದ್ದ ಹೆರ್ಬರ್ಗರ್ ತಮ್ಮ ಮುಖ್ಯ ಆಟಗಾರರಲ್ಲಿ ಹಲವರನ್ನು ಆ ದಿನ ಹೊರಗೆ ಕುಳ್ಳಿರಿಸಿದ್ದರು. ಊರಿನಿಂದ ಬೈಗುಳದ ಪತ್ರಗಳು ರಾಶಿ ಬಿದ್ದವು. ಆದರೆ ಲೆಕ್ಕ ತಪ್ಪಲಿಲ್ಲ. ಮರುಪಂದ್ಯದಲ್ಲಿ ತುರ್ಕಿಯನ್ನು 7-2ರಿಂದ, ಬಳಿಕ ಯುಗೋಸ್ಲಾವಿಯಾವನ್ನು 2-0ರಿಂದ ಸೋಲಿಸಿದರು. ಸೆಮಿಫೈನಲಿನಲ್ಲಿ ಆಸ್ಟ್ರಿಯಾವನ್ನು 6-1ರಿಂದ ಮಣಿಸಿದಾಗ ಫ್ರಿಟ್ಜ್ ಎರಡು, ಓಟ್ಮರ್ ಎರಡು, ಹೀಗೆ ಅಣ್ಣತಮ್ಮಂದಿರೇ ನಾಲ್ಕು ಗೋಲು ಹೊಡೆದಿದ್ದರು.

ಜುಲೈ 4, ಭಾನುವಾರ. ಬರ್ನ್ ನಗರದ ವಾಂಕ್‌ಡಾರ್ಫ್ ಮೈದಾನದಲ್ಲಿ ಅಂತಿಮ ಪಂದ್ಯ. ಎದುರಾಳಿ ಅದೇ ಹಂಗೇರಿ. ಬಿಸಿಲಿದ್ದರೆ ನಾಯಕನ ಆಟ ಅರ್ಧಕ್ಕೇ ಕುಗ್ಗುವುದೆಂದು ತಂಡದವರೆಲ್ಲರಿಗೂ ಗೊತ್ತು. ಆ ದಿನ ಆಕಾಶ ಕಪ್ಪಿಟ್ಟಿತು. ಹನಿಯಾಗಿ ಶುರುವಾದ ಮಳೆ ಬಿಡದೆ ಹೊಡೆಯತೊಡಗಿತು. ತಂಡದ ಬೂಟುಗಳನ್ನು ನೋಡಿಕೊಳ್ಳುತ್ತಿದ್ದ ಆಡಿ ಡಾಸ್ಲರ್ ಎಂಬವರು ತಿರುಪು ಹಾಕಿ ಬದಲಿಸಬಹುದಾದ ಮೊಳೆಗಳ ಬೂಟುಗಳನ್ನು ತಂದಿದ್ದರು. ಕೆಸರಿಗೆ ತಕ್ಕಂತೆ ಉದ್ದ ಮೊಳೆಗಳನ್ನು ಜೋಡಿಸಿದರು.

ಮಳೆ ಬಂದರೂ ಆರಂಭ ಕೆಟ್ಟದಾಗಿಯೇ ಆಯಿತು. ಆರನೆಯ ನಿಮಿಷದಲ್ಲಿ ಪುಷ್ಕಾಶ್, ಎಂಟನೆಯದರಲ್ಲಿ ಚಿಬೋರ್. ಹಂಗೇರಿ 2-0. ಮತ್ತೊಂದು 3-8 ಬರುವುದೆಂದೇ ಎಲ್ಲರೂ ಎಣಿಸಿದರು. ಆದರೆ ಹತ್ತನೆಯ ನಿಮಿಷದಲ್ಲಿ ಮೊರ್ಲಾಕ್ ಒಂದನ್ನು ಹಿಂದಿರುಗಿಸಿದರು. ಹದಿನೆಂಟನೆಯ ನಿಮಿಷದಲ್ಲಿ ವಾಲ್ಟರ್ ಮೂಲೆಯಿಂದ ಒದ್ದ ಚೆಂಡು ಗೋಲಿನ ಬಾಯಿಯನ್ನು ದಾಟಿ ಬಂದಾಗ ರಾನ್ ಅದನ್ನು ಬಲೆಗೆ ಹೊಡೆದರು. 2-2. ಅಲ್ಲಿಂದ ಮುಂದೆ ಒಂದು ಗಂಟೆಗೂ ಮಿಕ್ಕಿ ಹಂಗೇರಿ ಅಲೆಯಲೆಯಾಗಿ ನುಗ್ಗಿತು. ಗೋಲುಕಾವಲಿನ ಟೋನಿ ಟುರೆಕ್ ಒಂದೊಂದನ್ನೂ ತಡೆದರು. 84ನೆಯ ನಿಮಿಷದಲ್ಲಿ ರಾನ್ ಚೌಕದ ಅಂಚಿನಿಂದ ಎಡಗಾಲಿನಲ್ಲಿ ಒದ್ದರು. 3-2. ಕೊನೆಯ ಗಳಿಗೆಗಳಲ್ಲಿ ಪುಷ್ಕಾಶ್ ಹೊಡೆದ ಗೋಲನ್ನು ಆಫ್‌ಸೈಡ್ ಎಂದು ತಳ್ಳಿಹಾಕಲಾಯಿತು. ಆ ತೀರ್ಪಿನ ಬಗ್ಗೆ ಹಂಗೇರಿಯವರ ನೋವು ಇನ್ನೂ ಆರಿಲ್ಲ.

ವೃದ್ಧ ಜೂಲ್ಸ್ ರಿಮೆ ಅವರು ಮಳೆಯಲ್ಲಿ ನೆನೆಯುತ್ತ ಕಪ್ಪನ್ನು ವಾಲ್ಟರ್ ಅವರ ಕೈಗಿತ್ತರು. ಅಣ್ಣತಮ್ಮಂದಿರಿಬ್ಬರು ಒಟ್ಟಿಗೆ ವಿಶ್ವಕಪ್ ಗೆದ್ದದ್ದು ಅದೇ ಮೊದಲು. ಒಂಬತ್ತು ವರ್ಷಗಳ ಹಿಂದೆ ತನ್ನ ಪ್ರಾಣ ಉಳಿಸಿದವನೂ ಒಬ್ಬ ಹಂಗೇರಿಯವನೇ. ಆಟದ ನೆನಪು ದ್ವೇಷಕ್ಕಿಂತ ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮತ್ತೆ ಬಿದ್ದು, ಮತ್ತೆ ಎದ್ದು

ಗೆದ್ದ ಬಳಿಕವೂ ಪೆಟ್ಟುಗಳು ನಿಲ್ಲಲಿಲ್ಲ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ತಂಡದ ಹಲವರಿಗೆ ಕಾಮಾಲೆ ತಗಲಿತು. ವಾಲ್ಟರ್ ಸಹ ಹಾಸಿಗೆ ಹಿಡಿದರು. ಪಂದ್ಯದ ಹೊತ್ತಿಗೆ ಆಟಗಾರರಿಗೆ ಚುಚ್ಚಿದ ಸೂಜಿಯ ಬಗ್ಗೆ ಸಂಶಯದ ಮಾತುಗಳು ಹುಟ್ಟಿಕೊಂಡವು. ಅದರಲ್ಲಿದ್ದುದು ಜೀವಸತ್ವವಷ್ಟೇ ಎಂಬುದು ತಂಡದವರ ವಾದ. ಈ ಚರ್ಚೆ ದಶಕಗಳ ಅನಂತರವೂ ಮುಗಿಯಲಿಲ್ಲ. ವಾಲ್ಟರ್ ಮಾತ್ರ ಗುಣಮುಖರಾಗಿ ಮೈದಾನಕ್ಕೆ ಮರಳಿದರು.

1956ರ ಅಕ್ಟೋಬರದಲ್ಲಿ ಅಂದಿನ ಪೂರ್ವ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ, ಲಕ್ಷಕ್ಕೂ ಹೆಚ್ಚು ಜನ ಸೇರಿದ್ದ ಪಂದ್ಯದಲ್ಲಿ, ಅವರ ಹೆಸರಿನೊಂದಿಗೆ ಇಂದಿಗೂ ನೆನೆಯುವ ಗೋಲೊಂದು ಬಂತು. ತೇಲಿ ಬಂದ ಚೆಂಡು ತಲೆಯ ಮೇಲಿಂದ ಹಿಂದಕ್ಕೆ ದಾಟುತ್ತಿದ್ದಾಗ, ಮುಂದಕ್ಕೆ ಬಾಗಿ ಗಾಳಿಯಲ್ಲಿ ಚಾಚಿಕೊಂಡು, ಬೆನ್ನ ಹಿಂದಿನಿಂದ ಹಿಮ್ಮಡಿಯಲ್ಲಿ ಒದ್ದು ಗೋಲು ಮಾಡಿದರು. ಆಗ ಅವರಿಗೆ ಮೂವತ್ತಾರು ತುಂಬಲು ಕೆಲವೇ ವಾರ ಬಾಕಿ.

ಅದೇ ವರ್ಷ ರಾಷ್ಟ್ರೀಯ ತಂಡದಿಂದ ದೂರ ಸರಿದ ಅವರನ್ನು ಹೆರ್ಬರ್ಗರ್ 1958ರಲ್ಲಿ ಪುನಃ ಕರೆದರು. ಮೂವತ್ತೇಳರ ವಾಲ್ಟರ್ ಸ್ವೀಡನ್ನಿನ ವಿಶ್ವಕಪ್ಪಿಗೆ ಹೋಗಿ ಸೆಮಿಫೈನಲಿನ ತನಕ ಆಡಿದರು. ಜೂನ್ 24ರಂದು ಗೋಟೆನ್‌ಬರ್ಗ್‌ನಲ್ಲಿ ಆತಿಥೇಯರ ವಿರುದ್ಧದ ಆ ಪಂದ್ಯದಲ್ಲಿ ಬಿದ್ದ ಒದೆಯಿಂದ ಗಾಯಗೊಂಡರು. ಅದೇ ಅವರ ಅಂತಿಮ ಅಂತರರಾಷ್ಟ್ರೀಯ ಪಂದ್ಯವಾಯಿತು. ಒಟ್ಟು 61 ಪಂದ್ಯ, 33 ಗೋಲು. 1959ರಲ್ಲಿ ಕ್ಲಬ್ಬಿನ ಆಟಕ್ಕೂ ವಿದಾಯ ಹೇಳಿದರು.

ನಿವೃತ್ತಿಯ ಬಳಿಕ ಅವರು ಮಾಡಿದ ಒಂದು ಕೆಲಸವನ್ನು ನಾವು ವಿಶೇಷವಾಗಿ ಹೇಳಬಯಸುತ್ತೇವೆ. ಗುರುವಿನ ಹೆಸರಿನಲ್ಲಿ 1977ರಲ್ಲಿ ಸ್ಥಾಪನೆಯಾದ ಹೆರ್ಬರ್ಗರ್ ಪ್ರತಿಷ್ಠಾನದ ಪರವಾಗಿ ವಾಲ್ಟರ್ ಸೆರೆಮನೆಗಳಿಗೆ ಹೋಗುತ್ತಿದ್ದರು. ತಪ್ಪು ಮಾಡಿ ಒಳಗಿರುವವರೊಂದಿಗೆ ಕುಳಿತು ಮಾತಾಡುತ್ತಿದ್ದರು. ಕಾವಲಿನ ಬೇಲಿಯ ಒಳಗೆ ಕುಳಿತ ಅನುಭವ ಅವರಿಗೂ ಇತ್ತಲ್ಲವೆ? 1985ರಲ್ಲಿ ಕೈಸರ್ಸ್‌ಲೌಟರ್ನ್‌ನ ಗುಡ್ಡದ ಮೇಲಿನ ಮೈದಾನಕ್ಕೆ ಅವರ ಹೆಸರನ್ನಿಟ್ಟರು. 2001ರ ಡಿಸೆಂಬರದಲ್ಲಿ ಪತ್ನಿ ಇಟಾಲಿಯಾ ತೀರಿಕೊಂಡರು. ಅರ್ಧ ವರ್ಷವಷ್ಟೇ ಕಳೆದು, 2002ರ ಜೂನ್ 17ರಂದು, ಎಂಬತ್ತೊಂದರ ವಾಲ್ಟರ್ ಕಣ್ಣು ಮುಚ್ಚಿದರು. 2006ರ ವಿಶ್ವಕಪ್ಪಿನ ಪಂದ್ಯಗಳು ಅವರ ಹೆಸರಿನ ಆ ಮೈದಾನದಲ್ಲಿ ನಡೆದಾಗ ನೋಡಲು ಅವರಿರಲಿಲ್ಲ.

ಈ ಬಾಳನ್ನು ಓದಿ ಮುಗಿಸಿದಾಗ ನಮ್ಮ ಮನಸ್ಸಿನಲ್ಲಿ ಉಳಿಯುವುದು ಕಪ್ಪು ಹಿಡಿದ ನಾಯಕನ ಚಿತ್ರಕ್ಕಿಂತಲೂ ಎರಡು ಪಟ್ಟಿಗಳು. ಒಂದು, ಸಿಗೆಟ್‌ನ ಶಿಬಿರದ ಪಟ್ಟಿ. ಅಲ್ಲಿಂದ ಅವರ ಹೆಸರನ್ನು ಹೊರತೆಗೆದವನು ಹೆಸರು ತಿಳಿಯದ ಕಾವಲುಗಾರ. ಇನ್ನೊಂದು, ಹೆರ್ಬರ್ಗರ್ ಅವರ ತಂಡದ ಪಟ್ಟಿ. ದೇಶವೆಲ್ಲ ಹೊಡೆದುಹಾಕೆಂದು ಕೂಗಿದಾಗಲೂ ಆ ಹೆಸರನ್ನು ಅಲ್ಲಿಯೇ ಉಳಿಸಿದವರು ಗುರು. ವಾಲ್ಟರ್ ಅವರ ಪ್ರತಿಭೆ ಅವರದೇ ಆಗಿತ್ತು. ಆದರೆ ಬಿದ್ದಾಗಲೆಲ್ಲ ಅವರು ಎದ್ದದ್ದು ತನ್ನ ಬಲವೊಂದರಿಂದಲೇ ಅಲ್ಲ.

ನಮ್ಮ ಶಾಲೆಗಳಲ್ಲಿಯೂ ಪಟ್ಟಿಗಳಿವೆ. ಹಾಜರಿ ಪುಸ್ತಕ, ಅಂಕಗಳ ಪಟ್ಟಿ, ಕ್ರೀಡಾಕೂಟದ ತಂಡದ ಪಟ್ಟಿ. ಒಂದು ಸಲ ಎಡವಿದ ಹುಡುಗನ ಹೆಸರಿನ ಮೇಲೆ ಗೆರೆ ಎಳೆಯುವುದು ಬಹಳ ಸುಲಭದ ಕೆಲಸ. ಅದಕ್ಕೆ ಅರ್ಧ ನಿಮಿಷವೂ ಬೇಡ. ಪೆನ್ನು ಎತ್ತಿಕೊಳ್ಳುವ ಮೊದಲು ನಾವು ಅಧ್ಯಾಪಕರೂ ಹೆತ್ತವರೂ ಕಿಟಕಿಯಾಚೆ ಒಮ್ಮೆ ನೋಡುವುದು ಒಳ್ಳೆಯದು. ಬಿಸಿಲಿನಲ್ಲಿ ಬಾಡಿದ ಹುಡುಗ ಮಳೆಯಲ್ಲಿ ಹೇಗೆ ಆಡುತ್ತಾನೆಂದು ಯಾರು ಬಲ್ಲರು?